ಫೋನಿನಿಂದ ಮಾಯವಾದ ಜ್ಯಾಕ್: ತಂತಿಯೋ ಬ್ಲೂಟೂತೋ ಎಂದು ನಿರ್ಧರಿಸುವವರು ಯಾರು?

2016ರಲ್ಲಿ ತನ್ನ ಫೋನಿನಿಂದ ಹೆಡ್‌ಫೋನ್ ಜ್ಯಾಕನ್ನು ತೆಗೆದುಹಾಕಿದ ಆಪಲ್ ಕಂಪನಿ, 2025ರಲ್ಲಿ ತನ್ನ ಅತ್ಯಂತ ದುಬಾರಿ ಹೆಡ್‌ಫೋನಾದ ಏರ್‌ಪಾಡ್ಸ್ ಮ್ಯಾಕ್ಸ್‌ನ ಯುಎಸ್‌ಬಿ-ಸಿ ಮಾದರಿಗೆ ಹೊಸ ಸಾಫ್ಟ್‌ವೇರ್ ಒದಗಿಸಿ, ಮೂಲ ಧ್ವನಿಮುದ್ರಿಕೆಯಲ್ಲಿರುವ ಯಾವ ಅಂಶವೂ ಕಳೆದುಹೋಗದಂತೆ ಸಂಗೀತ ಕೇಳುವ ಸೌಲಭ್ಯವನ್ನು ಕೊಟ್ಟಿತು. ಆ ಸೌಲಭ್ಯ ಬೇಕೆಂದವರು ಹೆಡ್‌ಫೋನಿಗೆ ತಂತಿ ಚುಚ್ಚಬೇಕು. ಬ್ಲೂಟೂತ್ ಮೂಲಕ ಅದು ಸಿಗುವುದಿಲ್ಲ. ತಂತಿಯ ಕಾಲ ಮುಗಿಯಿತು ಎಂಬ ಘೋಷಣೆಯನ್ನು 2016ರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾಡಿದ ಕಂಪನಿಯೇ ಈಗ ಅತ್ಯುತ್ತಮ ಧ್ವನಿಗಾಗಿ ತಂತಿಯ ಕಡೆ ಬೆರಳು ತೋರಿಸುತ್ತಿರುವುದರಿಂದ, ನಡುವಿನ ವರ್ಷಗಳಲ್ಲಿ ನಿಜವಾಗಿ ಏನಾಯಿತು ಎಂಬುದನ್ನು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯ.

ಈ ಚರ್ಚೆ ಸಾಮಾನ್ಯವಾಗಿ ಕಿವಿಯ ಸೂಕ್ಷ್ಮತೆಯ ಸುತ್ತಲೇ ಸುತ್ತುತ್ತದೆ. ತಂತಿಯ ಧ್ವನಿ ಶ್ರೇಷ್ಠವೆಂದು ಒಂದು ಗುಂಪು, ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲವೆಂದು ಇನ್ನೊಂದು ಗುಂಪು ವಾದಿಸುತ್ತವೆ. ಬಸ್ಸಿನಲ್ಲಿ ಕುಳಿತು ಸಿನಿಮಾ ಹಾಡು ಕೇಳುವವರಿಗೆ ಎರಡನೆಯ ಗುಂಪಿನ ಮಾತು ಬಹುಮಟ್ಟಿಗೆ ನಿಜ. ಆದರೆ ಜ್ಯಾಕ್ ಹೋದದ್ದರಿಂದ ಆದ ನಷ್ಟವನ್ನು ಹಾಡಿನ ಇಂಪಿನಿಂದ ಅಳೆಯಲು ಹೊರಟರೆ ನಿಜವಾದ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಫೋನಿನಲ್ಲಿ ಕೇವಲ ಕೇಳದೆ, ಹಾಡುವ, ಮಾತನಾಡುವ, ಕಲಿಯುವ, ಕಣ್ಣಿಗೆ ಬದಲಾಗಿ ಕಿವಿಯಿಂದ ಓದುವ ಜನರ ಮೇಲೆ ಆ ನಷ್ಟ ಬಿದ್ದಿದೆ. ವಿನ್ಯಾಸ ಮಾಡುವಾಗ ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಜ್ಯಾಕಿನ ಮೂಲ 19ನೇ ಶತಮಾನದ ಕೊನೆಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿದೆ. ಒಬ್ಬ ಚಂದಾದಾರನ ಲೈನನ್ನು ಮತ್ತೊಬ್ಬನ ಲೈನಿಗೆ ಸೇರಿಸಲು ಆಪರೇಟರುಗಳು ಹಲಗೆಯ ತೂತುಗಳಿಗೆ ಚುಚ್ಚುತ್ತಿದ್ದ ಕಾಲು ಇಂಚಿನ, ಅಂದರೆ 6.35 ಮಿಲಿಮೀಟರ್ ದಪ್ಪದ ಪಿನ್ನು ಇಂದಿಗೂ ಗಿಟಾರ್ ಮತ್ತು ಆಂಪ್ಲಿಫೈಯರುಗಳಲ್ಲಿ ಉಳಿದಿದೆ. ಅದರ ಚಿಕ್ಕ ರೂಪವಾದ 3.5 ಮಿಲಿಮೀಟರ್ ಪಿನ್ನು ಟ್ರಾನ್ಸಿಸ್ಟರ್ ರೇಡಿಯೋಗಳ ಜೊತೆ ಬಂದು, 1979ರ ಸೋನಿ ವಾಕ್‌ಮನ್‌ನಿಂದ ಮನೆಮನೆಗೂ ತಲುಪಿತು. ಈ ಪಿನ್ನನ್ನು ಬಳಸಲು ಯಾರ ಅನುಮತಿಯೂ ಬೇಕಿರಲಿಲ್ಲ, ಯಾರಿಗೂ ಪರವಾನಗಿ ಶುಲ್ಕ ಕಟ್ಟಬೇಕಿರಲಿಲ್ಲ. ಸಂತೆಯಲ್ಲಿ ಮಾರುವ ಇಯರ್‌ಫೋನೂ ಸ್ಟುಡಿಯೋದ ದುಬಾರಿ ಹೆಡ್‌ಫೋನೂ ಒಂದೇ ತೂತಿಗೆ ಹೊಂದುತ್ತಿದ್ದವು. ಊರ ಕೆರೆಯಂತೆ ಅದು ಎಲ್ಲರದ್ದಾಗಿತ್ತು, ಹಾಗಾಗಿ ಅದನ್ನು ಕಾಯುವ ಹೊಣೆ ಯಾರದೂ ಆಗಿರಲಿಲ್ಲ.

ಅದನ್ನು ಮೊದಲು ತೆಗೆದದ್ದು ಆಪಲ್ ಅಲ್ಲ. ಚೀನಾದ ಒಪ್ಪೋ 2014ರಲ್ಲಿ ತಂದ ಆರ್5 ಫೋನಿನ ದಪ್ಪ ಕೇವಲ 4.85 ಮಿಲಿಮೀಟರ್ ಇತ್ತು. ಅಷ್ಟು ತೆಳುವಾದ ದೇಹದಲ್ಲಿ 3.5 ಮಿಲಿಮೀಟರ್ ತೂತು ಮತ್ತು ಅದರ ಗೋಡೆಗಳನ್ನು ಕೂರಿಸುವುದು ಬಹಳ ಕಷ್ಟವಾದ್ದರಿಂದ ಆ ಕಾರಣವನ್ನಾದರೂ ಒಪ್ಪಬಹುದು. 2016ರ ಸೆಪ್ಟೆಂಬರ್ 7ರಂದು ಐಫೋನ್ 7 ಬಿಡುಗಡೆ ಮಾಡುತ್ತಾ ಆಪಲ್‌ನ ಮಾರ್ಕೆಟಿಂಗ್ ಮುಖ್ಯಸ್ಥ ಫಿಲ್ ಶಿಲ್ಲರ್ ಈ ನಿರ್ಧಾರದ ಹಿಂದಿರುವುದು ಧೈರ್ಯ ಎಂದರು. ಒಳಗಿನ ಜಾಗದ ಉಳಿತಾಯ, ನೀರಿನಿಂದ ರಕ್ಷಣೆ, ತಂತಿಯಿಲ್ಲದ ಭವಿಷ್ಯ ಮುಂತಾದ ಕಾರಣಗಳು ಮುಂದೆ ಬಂದವು. ಜಾಗದ ವಾದದಲ್ಲಿ ಹುರುಳಿದೆ: ಐಫೋನ್ 6ಎಸ್‌ನಲ್ಲಿ 1715 ಮಿಲಿ ಆಂಪಿಯರ್ ಅವರ್ ಇದ್ದ ಬ್ಯಾಟರಿ ಐಫೋನ್ 7ರಲ್ಲಿ 1960ಕ್ಕೆ ಏರಿತು, ಕಂಪನ ಹುಟ್ಟಿಸುವ ಮೋಟಾರು ದೊಡ್ಡದಾಯಿತು. ಆದರೆ ಅದೇ ಫೋನನ್ನು ಬಿಚ್ಚಿ ನೋಡಿದ, ಉಪಕರಣಗಳ ದುರಸ್ತಿ ಕಲಿಸುವ ಐಫಿಕ್ಸಿಟ್ ತಂಡಕ್ಕೆ, ಜ್ಯಾಕ್ ಇದ್ದ ಜಾಗದಲ್ಲಿ ಗಾಳಿಯ ಒತ್ತಡ ಸರಿದೂಗಿಸಲು ಇಟ್ಟ ಒಂದು ಪ್ಲಾಸ್ಟಿಕ್ ತುಂಡು ಸಿಕ್ಕಿತು.

ನೀರಿನ ವಾದವಂತೂ ಆಗಲೇ ಸಡಿಲವಾಗಿತ್ತು. 2014ರ ಗ್ಯಾಲಕ್ಸಿ ಎಸ್5 ಜ್ಯಾಕ್ ಇಟ್ಟುಕೊಂಡೇ ನೀರು ತಡೆಯುವ ಐಪಿ67 ದರ್ಜೆ ಪಡೆದಿತ್ತು, 2019ರ ಗ್ಯಾಲಕ್ಸಿ ಎಸ್10 ಅದಕ್ಕಿಂತ ಮೇಲಿನ ಐಪಿ68 ದರ್ಜೆಯನ್ನು ಜ್ಯಾಕ್ ಸಹಿತವಾಗಿಯೇ ಪಡೆಯಿತು. ಆದರೂ ಜಾಹೀರಾತಿನಲ್ಲಿ ಆಪಲ್ ಬಳಕೆದಾರರ ಪರದಾಟವನ್ನು ತೋರಿಸಿದ್ದ ಸ್ಯಾಮ್‌ಸಂಗ್, 2019ರ ನೋಟ್ 10ರಿಂದ ತಾನೂ ಜ್ಯಾಕ್ ಕೈಬಿಟ್ಟಿತು. 2016ರ ಮೊದಲ ಪಿಕ್ಸೆಲ್‌ನಲ್ಲಿ ಜ್ಯಾಕ್ ಇದೆಯೆಂದು ಹೆಮ್ಮೆಯಿಂದ ಹೇಳಿಕೊಂಡ ಗೂಗಲ್ ಮರುವರ್ಷದ ಪಿಕ್ಸೆಲ್ 2ರಲ್ಲೇ ಅದನ್ನು ತೆಗೆಯಿತು. ಎದುರು ದಿಕ್ಕಿನಲ್ಲಿ ನಡೆದದ್ದು ಸೋನಿ. 2019ರ ಎಕ್ಸ್‌ಪೀರಿಯಾ 1ರಲ್ಲಿ ಇಲ್ಲದ ಜ್ಯಾಕನ್ನು ಅದು ಮರುವರ್ಷವೇ ಮರಳಿ ತಂದು, ಆ ಸಾಲಿನ ಮುಂದಿನ ಫೋನುಗಳಲ್ಲೂ ಉಳಿಸಿಕೊಂಡಿತು. ಜ್ಯಾಕ್ ತೆಗೆದರೆ ಜಾಗ ಉಳಿಯುತ್ತದೆ ಎಂಬುದು ಸತ್ಯ. ತೆಗೆಯದೆ ಬೇರೆ ದಾರಿಯೇ ಇರಲಿಲ್ಲ ಎಂಬುದಕ್ಕೆ ಮಾತ್ರ ಈ ಫೋನುಗಳೇ ವಿರುದ್ಧ ಸಾಕ್ಷಿ.

ಬೆಲೆಯ ಕಡೆಯಿಂದ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಗೂಗಲ್ ತನ್ನ ದುಬಾರಿ ಪಿಕ್ಸೆಲ್ 3ರಲ್ಲಿ ಕೊಡದ ಜ್ಯಾಕನ್ನು 2019ರಲ್ಲಿ ಅದಕ್ಕಿಂತ ಬಹಳ ಅಗ್ಗದ ಪಿಕ್ಸೆಲ್ 3ಎ ಫೋನಿನಲ್ಲಿ ಕೊಟ್ಟಿತು. ನಮ್ಮ ಮಾರುಕಟ್ಟೆಯಲ್ಲೂ ಕಡಿಮೆ ಬೆಲೆಯ ಫೋನುಗಳಲ್ಲಿ ಜ್ಯಾಕ್ ಹೆಚ್ಚಾಗಿ ಉಳಿದಿದೆ, ಬೆಲೆ ಏರಿದಂತೆ ಮಾಯವಾಗುತ್ತದೆ. ಫೋನಿಗೆ ಹೆಚ್ಚು ಹಣ ಕೊಟ್ಟವನು ಇಯರ್‌ಬಡ್ಸ್‌ಗೂ ಬೇರೆಯಾಗಿ ಹಣ ಕೊಟ್ಟಾನು, ಕಡಿಮೆ ಕೊಟ್ಟವನು ಕೊಡಲಾರ ಎಂಬ ವ್ಯಾಪಾರದ ಲೆಕ್ಕ ಇದರ ಹಿಂದಿದೆ ಎಂದೇ ನಾನು ಭಾವಿಸುತ್ತೇನೆ. ಐಫೋನ್ 7 ಬಂದ ಕೆಲವೇ ತಿಂಗಳಲ್ಲಿ ಆಪಲ್ ಕಂಪನಿಯದೇ ತಂತಿಯಿಲ್ಲದ ಇಯರ್‌ಬಡ್ಸ್ ಆದ ಏರ್‌ಪಾಡ್ಸ್ ಅಂಗಡಿಗೆ ಬಂತು. ಕೈಗಡಿಯಾರ, ಇಯರ್‌ಬಡ್ಸ್ ಮತ್ತಿತರ ಉಪಕರಣಗಳನ್ನು ಒಟ್ಟಾಗಿ ತೋರಿಸುವ ಆಪಲ್‌ನ ವಿಭಾಗದ ಆದಾಯ 2016ರ ಹಣಕಾಸು ವರ್ಷದಲ್ಲಿ ಸುಮಾರು 11 ಬಿಲಿಯನ್ ಡಾಲರ್ ಇದ್ದದ್ದು 2024ರ ಹೊತ್ತಿಗೆ ಸುಮಾರು 37 ಬಿಲಿಯನ್ ಆಯಿತು. ಇದರಲ್ಲಿ ಗಡಿಯಾರದ ಪಾಲೂ ಇರುವುದರಿಂದ ಎಲ್ಲವನ್ನೂ ಇಯರ್‌ಬಡ್ಸ್‌ನ ಖಾತೆಗೆ ಬರೆಯುವುದು ತಪ್ಪು. ಹಾಗೆಂದು ಈ ವ್ಯಾಪಾರಕ್ಕೂ ಜ್ಯಾಕ್ ಹೋದದ್ದಕ್ಕೂ ಸಂಬಂಧವೇ ಇಲ್ಲವೆಂದರೆ ನಂಬುವುದು ಕಷ್ಟ.

ಇನ್ನು ಬ್ಲೂಟೂತ್ ಕೆಲಸ ಮಾಡುವ ರೀತಿಯನ್ನು ನೋಡೋಣ. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಆರಂಭವಾದ ಈ ತಂತ್ರಜ್ಞಾನ, ವೈಫೈ ಕೂಡ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ, 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಬಾರಿ ಜಿಗಿಯುತ್ತಾ ಮಾಹಿತಿ ಸಾಗಿಸುತ್ತದೆ. ಸಿಡಿ ಗುಣಮಟ್ಟದ ಸಂಗೀತಕ್ಕೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕು. ಬ್ಲೂಟೂತ್ ಸಂಗೀತಕ್ಕೆ ಕಡ್ಡಾಯವಾಗಿರುವ ಎಸ್‌ಬಿಸಿ ಎಂಬ ಕೋಡೆಕ್, ಅಂದರೆ ಧ್ವನಿಯನ್ನು ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನ, ಅದನ್ನು ಉತ್ತಮ ಸ್ಥಿತಿಯಲ್ಲಿ ಸುಮಾರು 328 ಕಿಲೋಬಿಟ್‌ಗೆ ಕುಗ್ಗಿಸಿ ಕಳುಹಿಸುತ್ತದೆ. ಸೋನಿಯ ಎಲ್‌ಡಿಎಸಿ 990ರವರೆಗೆ ಹೋಗಬಲ್ಲದು, ಆದರೆ ಸಿಗ್ನಲ್ ಸೊರಗಿದಾಗ 660ಕ್ಕೋ 330ಕ್ಕೋ ಇಳಿಯುತ್ತದೆ. ಐಫೋನುಗಳು ಅದನ್ನು ಬಳಸುವುದೂ ಇಲ್ಲ. ಒಂದೇ ಹೆಡ್‌ಫೋನು ಒಂದು ಫೋನಿನ ಜೊತೆ ಒಂದು ಬಗೆಯಲ್ಲಿ, ಇನ್ನೊಂದರ ಜೊತೆ ಮತ್ತೊಂದು ಬಗೆಯಲ್ಲಿ ನುಡಿಯುವುದಕ್ಕೆ ಇಂಥ ಬೇಲಿಗಳೂ ಒಂದು ಕಾರಣ. ಆದರೂ, ಮತ್ತೆ ಹೇಳುತ್ತೇನೆ, ಹಾಡು ಕೇಳುವ ಮಟ್ಟಿಗೆ ಈ ಕುಗ್ಗಿಸುವಿಕೆ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ.

ತೊಂದರೆ ಶುರುವಾಗುವುದು ಮೈಕ್ ಚಾಲೂ ಆದಾಗ. ನನ್ನ ಅಕ್ಕನ ಮಗಳು ವಾರಕ್ಕೆ ಎರಡು ದಿನ ಫೋನಿನ ವಿಡಿಯೋ ಕರೆಯಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಾಳೆ. ಗುರುಗಳ ಮನೆಯಲ್ಲಿ ಮೀಟುವ ತಂಬೂರಿ ಅವಳ ಇಯರ್‌ಬಡ್ಸ್‌ನಲ್ಲಿ ತಗಡಿನ ಡಬ್ಬಿಯೊಳಗೆ ನೊಣ ಸಿಕ್ಕಿಕೊಂಡಂತೆ ಕೇಳುತ್ತಿತ್ತು. ಕರೆ ಮುಗಿಸಿ ಅದೇ ಇಯರ್‌ಬಡ್ಸ್‌ನಲ್ಲಿ ಧ್ವನಿಮುದ್ರಿತ ಕಚೇರಿ ಹಾಕಿದರೆ ತಂಬೂರಿ ತುಂಬಿಕೊಂಡು ಕೇಳುತ್ತಿತ್ತು. ಇಯರ್‌ಬಡ್ಸ್ ಕೆಟ್ಟಿದೆಯೆಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಕೆಟ್ಟಿರಲಿಲ್ಲ. ಬ್ಲೂಟೂತ್ ಸಂಗೀತಕ್ಕೆ ಬಳಸುವ ವ್ಯವಸ್ಥೆ ಒಂದೇ ದಿಕ್ಕಿನದು. ಇಯರ್‌ಬಡ್ಸ್‌ನ ಮೈಕ್ ಬೇಕಾದ ಕೂಡಲೇ ಫೋನು ಅದನ್ನು ಬಿಟ್ಟು, ಕರೆಗಳಿಗೆಂದು ರೂಪಿಸಿದ ಮತ್ತೊಂದು ವ್ಯವಸ್ಥೆಗೆ ಹೊರಳುತ್ತದೆ. ಎರಡು ಕಿವಿಯ ಸ್ಟೀರಿಯೋ ಅಲ್ಲಿ ಒಂದೇ ಧ್ವನಿಯಾಗುತ್ತದೆ. ಧ್ವನಿಯನ್ನು ಸೆಕೆಂಡಿಗೆ 16,000 ಬಾರಿ, ಹಳೆಯ ಉಪಕರಣವಾದರೆ 8,000 ಬಾರಿ ಮಾತ್ರ ಅಳೆಯಲಾಗುತ್ತದೆ. ಹಾಗಾಗಿ ಮೊದಲನೆಯದರಲ್ಲಿ 8,000 ಹರ್ಟ್ಸ್‌ಗಿಂತ, ಎರಡನೆಯದರಲ್ಲಿ 4,000 ಹರ್ಟ್ಸ್‌ಗಿಂತ ಮೇಲಿನದೆಲ್ಲ ಕತ್ತರಿಸಿಹೋಗುತ್ತದೆ. ಮಾತು ಅರ್ಥವಾಗಲು ಇಷ್ಟು ಸಾಕು. ಆದರೆ ತಂಬೂರಿಯ ಜೀವ ಇರುವುದೇ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಮೇಲೆ ತಂತಿಯ ಅಡಿಗೆ ತೂರಿಸಿದ ನೂಲಿನಿಂದ ಹುಟ್ಟುವ, ಮೇಲೆ ಮೇಲೆ ಹಬ್ಬುವ ಝೇಂಕಾರದಲ್ಲಿ. ವಿಡಿಯೋ ಕರೆಯ ಆ್ಯಪ್‌ಗಳು ಎಡೆಬಿಡದ ನಾದವನ್ನು ಗದ್ದಲವೆಂದು ಬಗೆದು ಅಳಿಸುವುದೂ ಉಂಟು, ಅದನ್ನು ಸೆಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ನಿಲ್ಲಿಸಿದ ಮೇಲೂ ಉಳಿದ ದೋಷ ಬ್ಲೂಟೂತಿನದಾಗಿತ್ತು.

ಎರಡನೆಯ ತೊಡಕು ವಿಳಂಬ. ಧ್ವನಿಯನ್ನು ಕುಗ್ಗಿಸಿ, ಕಳುಹಿಸಿ, ಕಿವಿಯ ಬಳಿ ಬಿಡಿಸಿ ನುಡಿಸುವ ಹೊತ್ತಿಗೆ ಸಾಮಾನ್ಯ ಬ್ಲೂಟೂತ್ ಇಯರ್‌ಬಡ್ಸ್‌ನಲ್ಲಿ 150ರಿಂದ 250 ಮಿಲಿಸೆಕೆಂಡ್ ಕಳೆದಿರುತ್ತದೆ. ಸಿನಿಮಾ ನೋಡುವವರಿಗೆ ಇದು ಗೊತ್ತಾಗದಿರಲು ಕಾರಣ, ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ಹೊತ್ತು ತಡೆದು ತೋರಿಸುತ್ತವೆ. ಫೋನಿನಲ್ಲಿ ತಾಳ ಹಾಕಿಕೊಂಡು ತನ್ನ ಹಾಡನ್ನು ಅದರ ಮೇಲೆ ಧ್ವನಿಮುದ್ರಿಸುವವರಿಗೆ ಈ ರಕ್ಷಣೆ ಇಲ್ಲ. ಆದಿತಾಳದಲ್ಲಿ ಒಂದು ಅಕ್ಷರಕ್ಕೆ ಒಂದು ಸೆಕೆಂಡ್ ಇಟ್ಟುಕೊಂಡರೆ ಮೂರನೇ ಕಾಲದಲ್ಲಿ ಅಕ್ಷರಕ್ಕೆ ನಾಲ್ಕು ಸ್ವರ, ಅಂದರೆ ಒಂದು ಸ್ವರಕ್ಕೆ 250 ಮಿಲಿಸೆಕೆಂಡ್. ಹಾಡಿದವಳು ತಾಳ ತಪ್ಪದಿದ್ದರೂ ಮುದ್ರಿಕೆಯಲ್ಲಿ ಅವಳ ಧ್ವನಿ ಹೆಚ್ಚುಕಡಿಮೆ ಒಂದು ಸ್ವರದಷ್ಟು ಹಿಂದೆ ಬಿದ್ದಿರುತ್ತದೆ. ಆಟ ಆಡುವವರಿಗೂ ಇದೇ ಕಷ್ಟ: ಎದುರಾಳಿಯ ಹೆಜ್ಜೆ ಸಪ್ಪಳ ತಡವಾಗಿ ಕೇಳಿದರೆ ಚಿತ್ರವನ್ನು ತಡೆದು ಸರಿದೂಗಿಸುವಂತಿಲ್ಲ. ಇದಕ್ಕೆಂದೇ ಕೆಲವು ಇಯರ್‌ಬಡ್ಸ್‌ನಲ್ಲಿ ವಿಳಂಬ ಕಡಿಮೆ ಮಾಡುವ ಗೇಮಿಂಗ್ ಮೋಡ್ ಇದೆ.

ಆದರೆ ಈ ವಿಳಂಬದ ಭಾರ ಅತಿ ಹೆಚ್ಚು ಬೀಳುವುದು ಕಣ್ಣು ಕಾಣದ ಬಳಕೆದಾರರ ಮೇಲೆ, ಮತ್ತು ಅದರ ಬಗ್ಗೆ ಮಾತನಾಡುವವರು ತೀರ ಕಡಿಮೆ. ಆ್ಯಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಪರದೆಯ ಮೇಲೆ ಬೆರಳಿಟ್ಟ ಜಾಗದಲ್ಲಿರುವುದನ್ನು ಓದಿ ಹೇಳುತ್ತದೆ, ಕನ್ನಡದಲ್ಲಿಯೂ ಹೇಳುತ್ತದೆ. ಕಣ್ಣಿದ್ದವರು ಒಂದು ನೋಟದಲ್ಲಿ ನೋಡುವುದನ್ನು ಅವರು ಬೆರಳು ಸರಿಸುತ್ತಾ ಒಂದೊಂದಾಗಿ ಕೇಳಿಕೊಂಡು ಹೋಗಬೇಕು. ದಿನಕ್ಕೆ ಸಾವಿರಾರು ಬಾರಿ ಬೆರಳು ಸರಿಸುವವರಿಗೆ ಪ್ರತಿ ಬಾರಿಯೂ ಕಾಲು ಸೆಕೆಂಡ್ ತಡವಾದರೆ ಹೇಗಿರುತ್ತದೆ ಎಂಬುದನ್ನು, ನಾವು ಒತ್ತಿದ ಅಕ್ಷರ ಪರದೆಯಲ್ಲಿ ತಡವಾಗಿ ಮೂಡಿದಾಗ ಆಗುವ ಕಿರಿಕಿರಿಯಿಂದ ಸ್ವಲ್ಪ ಮಟ್ಟಿಗೆ ಊಹಿಸಬಹುದು. ಮಾತಿನ ನಡುವೆ ಮೌನ ಬಂದಾಗ ಕೆಲವು ಇಯರ್‌ಬಡ್ಸ್ ವಿದ್ಯುತ್ ಉಳಿಸಲು ಧ್ವನಿಯ ಭಾಗವನ್ನು ಮಲಗಿಸುತ್ತವೆ, ಮತ್ತೆ ಎಚ್ಚರಾಗುವಷ್ಟರಲ್ಲಿ ಮೊದಲ ಅಕ್ಷರ ನುಂಗಿಹೋಗಿರುತ್ತದೆ. "ಅಳಿಸಿ" ಎಂಬುದು "ಳಿಸಿ" ಎಂದು, "ಉಳಿಸಿ" ಎಂಬುದೂ "ಳಿಸಿ" ಎಂದೇ ಕೇಳಿದರೆ ಏನು ಮಾಡುವುದು? ತಂತಿಯ ಇಯರ್‌ಫೋನಿನಲ್ಲಿ ಈ ಎರಡು ತೊಂದರೆಯೂ ಇಲ್ಲ.

ತಂತಿ ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ನಾವು ಮರೆತೇ ಬಿಟ್ಟಿದ್ದೇವೆ. ಫೋನಿನ ಎಫ್‌ಎಂ ರೇಡಿಯೋಗೆ ಇಯರ್‌ಫೋನಿನ ತಂತಿಯೇ ಆಂಟೆನಾ. ಎಫ್‌ಎಂ ತರಂಗದ ಉದ್ದ ಸುಮಾರು ಮೂರು ಮೀಟರ್ ಆದ್ದರಿಂದ ಮೀಟರ್ ಉದ್ದದ ತಂತಿ ಅದನ್ನು ಚೆನ್ನಾಗಿ ಹಿಡಿಯುತ್ತದೆ, ಬ್ಲೂಟೂತ್ ಇಯರ್‌ಬಡ್ಸ್‌ಗೆ ಅದು ಸಾಧ್ಯವಿಲ್ಲ. ಬೆಂಗಳೂರಿನಲ್ಲಿ 102.9ರಲ್ಲಿ ವಿವಿಧ ಭಾರತಿ ಕೇಳಲು ಇಂಟರ್ನೆಟ್ ಬಳಸಬಹುದಲ್ಲ ಎಂದರೆ ಸರಿ, ಮಾಮೂಲಿ ದಿನಗಳಲ್ಲಿ ಬಳಸಬಹುದು. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಮುರಿದಂಥ ಹೊತ್ತಿನಲ್ಲಿ ಟವರ್‌ಗಳನ್ನು ನೆಚ್ಚಿ ಕೂರುವಂತಿಲ್ಲ. 2023ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಮೊಬೈಲ್ ತಯಾರಕರಿಗೆ ಸಲಹೆ ಕಳುಹಿಸಿ, ಎಫ್‌ಎಂ ರಿಸೀವರ್ ಇರುವ ಫೋನುಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಾರದೆಂದು ಹೇಳಿತು, ವಿಪತ್ತಿನ ಸಂದರ್ಭವನ್ನೇ ಮುಖ್ಯ ಕಾರಣವಾಗಿ ಕೊಟ್ಟಿತು. ಆಂಟೆನಾ ಚುಚ್ಚುವ ಜಾಗವೇ ಇಲ್ಲದ ಫೋನಿನಲ್ಲಿ ಈ ಸಲಹೆ ಅರ್ಧಕ್ಕೇ ನಿಲ್ಲುತ್ತದೆ.

ಬ್ಯಾಟರಿಯ ವಿಷಯ ನನಗೆ ಸ್ವಂತ ಅನುಭವದಿಂದ ಗೊತ್ತು. ನಾನು ಕೊಂಡ ಇಯರ್‌ಬಡ್ಸ್ ಎರಡು ವರ್ಷ ದಾಟುತ್ತಿದ್ದಂತೆ ಎಡಗಿವಿಯದು ನಲವತ್ತು ನಿಮಿಷಕ್ಕೇ ನಿಲ್ಲತೊಡಗಿತು. ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಬದಲಾಯಿಸುವ ಪದ್ಧತಿ ಇಲ್ಲ, ಹೊಸದನ್ನು ಕೊಳ್ಳಿ ಎಂದರು. ಅವರ ಮಾತು ನಿಜ: ಉಗುರಿನಷ್ಟು ಗಾತ್ರದ ಬ್ಯಾಟರಿಯನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಬಿಚ್ಚಿದರೆ ಹೊದಿಕೆ ಒಡೆಯುತ್ತದೆ. ಲಿಥಿಯಂ ಬ್ಯಾಟರಿ ಕೆಲವು ನೂರು ಬಾರಿ ಚಾರ್ಜ್ ಆದ ಮೇಲೆ ಸೊರಗುವುದು ಅದರ ಗುಣ. ದಿನಕ್ಕೆ ಒಂದೆರಡು ಬಾರಿ ಚಾರ್ಜ್ ಆಗುವ ಪುಟ್ಟ ಬ್ಯಾಟರಿಗೆ ಆ ಸ್ಥಿತಿ ಬೇಗ ಬರುತ್ತದೆ. ಸ್ಪೀಕರ್, ಮೈಕ್, ಚಿಪ್ಪು ಎಲ್ಲವೂ ಚೆನ್ನಾಗಿರುವಾಗಲೇ ಇಡೀ ವಸ್ತು ಕಸವಾಗುತ್ತದೆ.

ತಂತಿಯ ಇಯರ್‌ಫೋನೂ ಕೆಡುತ್ತದೆ, ಬೇಗನೇ ಕೆಡುತ್ತದೆ. ಪಿನ್ನಿನ ಬುಡದಲ್ಲಿ ಮಡಚಿ ಮಡಚಿ ತಂತಿ ತುಂಡಾಗಿ ಒಂದು ಕಿವಿ ನಿಂತುಹೋಗುವುದನ್ನು ಅನುಭವಿಸದವರಿಲ್ಲ. ಆದರೆ ಅದನ್ನು ಸರಿಮಾಡುವುದನ್ನು ಬೆಂಗಳೂರಿನ ಎಸ್‌ಪಿ ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ನಾನು ನಿಂತು ನೋಡಿದ್ದೇನೆ. ಕತ್ತರಿಸಿದ ತಂತಿಯೊಳಗೆ ಕೂದಲಿಗಿಂತ ಸಣ್ಣ ಎಳೆಗಳ ಮೂರು ಜಡೆ ಇದ್ದವು: ಬಲಗಿವಿಗೆ ಕೆಂಪು, ಎಡಗಿವಿಗೆ ಹಸಿರು, ಎರಡಕ್ಕೂ ಸಾಮಾನ್ಯವಾದ ತಾಮ್ರದ ಬಣ್ಣದ್ದು ಒಂದು. ಆ ಬಣ್ಣವೆಂದರೆ ಎಳೆಗಳಿಗೆ ಹಚ್ಚಿದ ವಾರ್ನಿಷ್. ಅದನ್ನು ಕಾದ ಸೋಲ್ಡರಿಂಗ್ ಕಡ್ಡಿಯ ತುದಿಯಲ್ಲಿ ಸುಟ್ಟು ತೆಗೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಹುಡುಗ ಒಂದೊಂದು ಎಳೆಯನ್ನೂ ಕಡ್ಡಿಗೆ ಮುಟ್ಟಿಸಿ, ಸಣ್ಣಗೆ ಹೊಗೆಯೆದ್ದು ತಾಮ್ರ ಹೊಳೆದ ಕೂಡಲೇ ಹೊಸ ಪಿನ್ನಿಗೆ ಬೆಸೆದು, ಮುಚ್ಚಳ ತಿರುಗಿಸಿ ಕೈಗಿಟ್ಟ. ಹತ್ತು ನಿಮಿಷವೂ ಆಗಿರಲಿಲ್ಲ. ಅಂಟಿನಿಂದ ಮುಚ್ಚಿದ ಇಯರ್‌ಬಡ್ಸ್ ಮುಂದೆ ಅವನ ಕೈಚಳಕಕ್ಕೆ ಕೆಲಸವಿಲ್ಲ.

ಇದನ್ನು ಬದಲಿಸಬಹುದು ಎಂಬುದಕ್ಕೆ ಉದಾಹರಣೆಗಳೂ ಇವೆ. ನೆದರ್ಲೆಂಡ್ಸ್‌ನ ಫೇರ್‌ಫೋನ್ ಕಂಪನಿ 2024ರಲ್ಲಿ ತಂದ ಫೇರ್‌ಬಡ್ಸ್‌ನಲ್ಲಿ ಬ್ಯಾಟರಿಯನ್ನು ಬಳಕೆದಾರರೇ ಬದಲಾಯಿಸಬಹುದು, ಅದೇ ಕಂಪನಿ 2021ರಲ್ಲಿ ತನ್ನ ಫೋನಿನಿಂದ ಜ್ಯಾಕ್ ತೆಗೆದಾಗ ಅದರ ಬೆಂಬಲಿಗರೇ ಬೇಸರಪಟ್ಟಿದ್ದರು. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರುವರಿ 18ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೈಯಲ್ಲಿ ಹಿಡಿಯುವ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಾಯಿಸುವಂತಿರಬೇಕು. ನಮ್ಮಲ್ಲಿ 2022ರ ಇ-ತ್ಯಾಜ್ಯ ಮತ್ತು ಬ್ಯಾಟರಿ ತ್ಯಾಜ್ಯ ನಿಯಮಗಳು ಕಸವಾದ ಮೇಲಿನ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ವಸ್ತು ಕಸವಾಗದಂತೆ ತಡೆಯುವ ಹೊಣೆಯನ್ನೂ ಅವರ ಮೇಲೆ ಹೊರಿಸಬೇಕೆಂಬುದು ನನ್ನ ಒತ್ತಾಯ.

ಬ್ಲೂಟೂತಿನ ಉಪಕಾರವನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಅಡುಗೆಮನೆಯಲ್ಲಿ ಕೈ ಒದ್ದೆಯಿರುವಾಗ, ಓಡುವಾಗ, ಫೋನು ಬೇರೆ ಕೋಣೆಯಲ್ಲಿರುವಾಗ ತಂತಿ ಇಲ್ಲದಿರುವುದೇ ಸುಖ. ಹೊರಗಿನ ಗದ್ದಲವನ್ನು ಅಡಗಿಸುವ ವ್ಯವಸ್ಥೆಗೆ ಹೇಗೂ ಬ್ಯಾಟರಿ ಬೇಕು. 2024ರಲ್ಲಿ ಏರ್‌ಪಾಡ್ಸ್ ಪ್ರೊ 2ಕ್ಕೆ ಬಂದ ಶ್ರವಣ ಸಾಧನದ ಸೌಲಭ್ಯ, ಕಿವಿಗೆ ಯಂತ್ರ ಹಾಕಿಕೊಳ್ಳಲು ಮುಜುಗರಪಡುವ ಅನೇಕರಿಗೆ ದಾರಿ ತೆರೆಯಿತು. 2020ರಲ್ಲಿ ಪ್ರಕಟವಾದ ಬ್ಲೂಟೂತಿನ ಹೊಸ ಧ್ವನಿ ವ್ಯವಸ್ಥೆಯಾದ ಎಲ್‌ಇ ಆಡಿಯೋ ಮತ್ತು ಅದರ ಎಲ್‌ಸಿ3 ಕೋಡೆಕ್, ಮೈಕ್ ಚಾಲೂ ಆದಾಗ ಧ್ವನಿ ಕುಸಿಯುವ ದೋಷವನ್ನೂ ವಿಳಂಬವನ್ನೂ ಗಣನೀಯವಾಗಿ ತಗ್ಗಿಸಬಲ್ಲವು. ಆದರೆ ಫೋನೂ ಇಯರ್‌ಬಡ್ಸೂ ಎರಡೂ ಅದನ್ನು ಬಲ್ಲದ್ದಾಗಿರಬೇಕು. ಈಗ ಜನರ ಕೈಯಲ್ಲಿರುವ ಬಹುಪಾಲು ಜೋಡಿಗಳು ಹಾಗಿಲ್ಲ.

ಜ್ಯಾಕ್ ಇಲ್ಲದ ಫೋನಿಗೆ ತಂತಿ ಜೋಡಿಸಲು ಯುಎಸ್‌ಬಿ-ಸಿ ಕನ್ವರ್ಟರ್ ಇದೆಯಲ್ಲ ಎಂಬ ಮಾತು ಉಳಿಯುತ್ತದೆ. ಕನ್ವರ್ಟರಿನಲ್ಲಿ ಎರಡು ಜಾತಿ. ಒಂದರಲ್ಲಿ ಡಿಜಿಟಲ್ ಮಾಹಿತಿಯನ್ನು ಧ್ವನಿಯಾಗಿ ಪರಿವರ್ತಿಸುವ, ಡಿಎಸಿ ಎಂಬ ಚಿಪ್ಪು ಇರುತ್ತದೆ, ಅದು ಸಾಮಾನ್ಯವಾಗಿ ಎಲ್ಲ ಫೋನುಗಳಲ್ಲೂ ನಡೆಯುತ್ತದೆ. ಇನ್ನೊಂದರಲ್ಲಿ ಬರೀ ತಂತಿ ಇರುತ್ತದೆ, ಫೋನಿನೊಳಗೇ ಆ ಕೆಲಸ ಮಾಡುವ ವ್ಯವಸ್ಥೆ ಇದ್ದರೆ ಮಾತ್ರ ಅದು ನುಡಿಯುತ್ತದೆ. ಹೊರನೋಟಕ್ಕೆ ಎರಡೂ ಒಂದೇ ಥರ. ಅಂಗಡಿಯಲ್ಲಿ ಕೊಳ್ಳುವಾಗ "ಡಿಎಸಿ ಇದೆಯಾ?" ಎಂದು ಕೇಳಿ, ನಮ್ಮದೇ ಫೋನಿಗೆ ಚುಚ್ಚಿ, ಮೈಕ್ ಕೂಡ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿ ತರುವುದೇ ಸುರಕ್ಷಿತ.

ಅಕ್ಕನ ಮಗಳಿಗೂ ಹಾಗೆಯೇ ಪರೀಕ್ಷಿಸಿ ಒಂದನ್ನು ತಂದುಕೊಟ್ಟೆವು, ಹಳೆಯ ತಂತಿಯ ಇಯರ್‌ಫೋನನ್ನು ಕಪಾಟಿನಿಂದ ಹುಡುಕಿ ತೆಗೆದೆವು. ಮೊದಲ ತರಗತಿಯಲ್ಲೇ ತಂಬೂರಿಯ ಝೇಂಕಾರ ಮರಳಿತು, ಪಂಚಮದ ಮೇಲೆ ಶ್ರುತಿ ಸರಿಯುತ್ತಿದ್ದುದು ತನಗೇ ಕೇಳಿಸಿತೆಂದು ಅವಳು ಹೇಳಿದಳು. ಆದರೆ ಫೋನಿಗೆ ಇರುವುದು ಒಂದೇ ತೂತು, ಅದರಲ್ಲಿ ಕನ್ವರ್ಟರ್ ಇದ್ದಾಗ ಚಾರ್ಜರ್‌ಗೆ ಜಾಗವಿಲ್ಲ. ಎರಡನೆಯ ತರಗತಿ ವರ್ಣದ ಚರಣಕ್ಕೆ ಬರುವಷ್ಟರಲ್ಲಿ ಬ್ಯಾಟರಿ ಮುಗಿದು ಕರೆ ಕಡಿದುಹೋಯಿತು. ಈಗ ತರಗತಿಯ ದಿನಗಳಲ್ಲಿ ಸಂಜೆ ನಾಲ್ಕಕ್ಕೇ ಅವಳ ಫೋನು ಚಾರ್ಜಿಗೆ ಬೀಳುತ್ತದೆ, ಐದೂವರೆಯವರೆಗೆ ಮನೆಯಲ್ಲಿ ಯಾರೂ ಅದನ್ನು ಮುಟ್ಟುವಂತಿಲ್ಲ.